ಗುರುತ್ವ ಕೇಂದ್ರವೆಂದರೆ ನಟ್ಟನಡುವೆಯೇ?

ಪ್ರಶ್ನೆ: ಗುರುತ್ವ ಕೇಂದ್ರವೆಂದರೆ ವಸ್ತುವಿನ ನಡುಭಾಗ ಎಂದು ಶಾಲೆಯಲ್ಲಿ ಕಲಿತ ನೆನಪು. ಹಾಗಾದರೆ ‘ಅಧಿಕಾರದ ಗುರುತ್ವ ಕೇಂದ್ರ’ ಎಂದರೆ ರಾಜಧಾನಿಯೇ?

ಉತ್ತರ: ನಡುಭಾಗವೇ ಆಗಬೇಕೆಂದಿಲ್ಲ, ರಾಜಧಾನಿಯೇ ಆಗಬೇಕೆಂದೂ ಇಲ್ಲ. ಅಡುಗೆಮನೆಯಿಂದ ಒಂದು ಸೌಟು ತಂದು ತೋರುಬೆರಳ ಮೇಲೆ ಅಡ್ಡಲಾಗಿ ಇಡಿ. ಸರಿಯಾಗಿ ನಡುವೆ ಇಟ್ಟರೆ ಬಟ್ಟಲಿನ ಕಡೆಗೆ ವಾಲಿ ಬೀಳುತ್ತದೆ. ಬೆರಳನ್ನು ಬಟ್ಟಲಿನತ್ತ ಸರಿಸುತ್ತ ಹೋದರೆ ಒಂದೆಡೆ ಅಲುಗದೆ ನಿಲ್ಲುತ್ತದೆ. ಇಡೀ ಸೌಟಿನ ತೂಕ ಅಲ್ಲಿ ಬೆರಳಿನ ನೇರಕ್ಕೇ ಕೂಡಿಕೊಂಡಿದೆಯೋ ಎಂಬಂತಿರುತ್ತದೆ. ಹಾಗೆ ತೂಕವೆಲ್ಲ ಕೂಡಿದಂತಿರುವ ಬಿಂದುವೇ ಗುರುತ್ವ ಕೇಂದ್ರ. ಹಾಗೆಂದು ಎರಡೂ ಕಡೆ ಸಮತೂಕವಿದೆ ಎಂದುಕೊಳ್ಳಬೇಡಿ. ಅಲ್ಲಿಯೇ ಕತ್ತರಿಸಿ ತಕ್ಕಡಿಗೆ ಹಾಕಿದರೆ ಬಟ್ಟಲಿನ ತುಂಡೇ ಹೆಚ್ಚು ತೂಗುತ್ತದೆ. ಹಿಡಿ ಹಗುರವಾದರೂ ದೂರಕ್ಕೆ ಚಾಚಿಕೊಂಡಿದೆ. ಆ ದೂರದ ಬಲದಿಂದಲೇ ಭಾರವಾದ ಬಟ್ಟಲನ್ನು ಸರಿದೂಗಿಸುತ್ತದೆ. ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ಆರ್ಕಿಮಿಡೀಸ್ ಈ ಲೆಕ್ಕವನ್ನು ಬರೆದಿಟ್ಟಿದ್ದ.

ಬಳೆಯದು ಇನ್ನೂ ಸೊಗಸು. ಅದರ ಗುರುತ್ವ ಕೇಂದ್ರ ಇರುವುದು ಕೈ ತೂರುವ ಖಾಲಿ ಜಾಗದಲ್ಲಿ. ಅಲ್ಲಿ ಗಾಜಿನ ಒಂದು ಚೂರೂ ಇಲ್ಲ!

ಕಬ್ಬನ್ನು ಎತ್ತರಕ್ಕೆ ಪೇರಿಸಿದ ಟ್ರೇಲರ್ ರಸ್ತೆಯ ಇಳಿಜಾರಿನ ಅಂಚಿನಲ್ಲಿ ಉರುಳುವುದೂ ಇದರಿಂದಲೇ. ಪೇರಿಸಿದಷ್ಟೂ ಗುರುತ್ವ ಕೇಂದ್ರ ಮೇಲೇರುತ್ತದೆ. ಅಲ್ಲಿಂದ ನೆಲಕ್ಕೆ ಇಳಿಬಿಟ್ಟ ತೂಗುಗುಂಡಿನ ದಾರ ಚಕ್ರಗಳ ಆಚೆ ಬಿದ್ದರೆ ಗಾಡಿ ಮಗುಚಿತೆಂದೇ ಲೆಕ್ಕ.

‘ಗುರುತ್ವ ಕೇಂದ್ರ’ ಎಂಬ ಮಾತನ್ನು ಯುದ್ಧಶಾಸ್ತ್ರಕ್ಕೆ ತಂದವನು ಅಂದಿನ ಜರ್ಮನ್ ರಾಜ್ಯ ಪ್ರಷ್ಯದ ಸೇನಾಧಿಕಾರಿ ಕ್ಲೌಸೆವಿಟ್ಸ್. ಅವನು ಸತ್ತ ಮರುವರ್ಷ, 1832ರಿಂದ ಅಚ್ಚಾಗತೊಡಗಿದ ಗ್ರಂಥದಲ್ಲಿ, ಶತ್ರುವಿನ ಎಲ್ಲ ಬಲವೂ ಯಾವುದನ್ನು ಆಧರಿಸಿ ನಿಂತಿದೆಯೋ ಅಲ್ಲಿಗೇ ಹೊಡೆಯಬೇಕು ಎನ್ನುತ್ತಾನೆ. ಅಲೆಕ್ಸಾಂಡರನಿಗೆ ಅದು ಅವನ ಸೈನ್ಯ. ಒಳಜಗಳಗಳಿಂದ ಒಡೆದ ದೇಶಕ್ಕೆ ರಾಜಧಾನಿ. ಜನರ ದಂಗೆಗೆ ನಾಯಕರು ಮತ್ತು ಜನಾಭಿಪ್ರಾಯ. ಮಿತ್ರಕೂಟಕ್ಕೆ ಎಲ್ಲರಿಗೂ ಸಮಾನವಾದ ಹಿತಾಸಕ್ತಿ. ನನಗೆ ಬಹಳ ಹಿಡಿಸಿದ್ದು ಈ ಕೊನೆಯದು: ಬಳೆಯ ಖಾಲಿ ನಡುವಿನಂತೆ ಅದೂ ಕೈಗೆ ಸಿಗುವ ವಸ್ತುವಲ್ಲ, ಆದರೆ ಕೂಟ ನಿಲ್ಲುವುದು ಅದರ ಮೇಲೆಯೇ.

ಆದ್ದರಿಂದ ‘ಮುಖ್ಯ ಸ್ಥಳ’ ಎಂದಷ್ಟೇ ಹೇಳಬೇಕಾದಲ್ಲಿ ‘ಕೇಂದ್ರ’ ಎಂದರೆ ಸಾಕು. ‘ಗುರುತ್ವ’ವನ್ನು ವ್ಯರ್ಥ ಮಾಡಬಾರದು. ಸಮ್ಮಿಶ್ರ ಸರ್ಕಾರದಲ್ಲಿ ಬೆರಳೆಣಿಕೆಯ ಶಾಸಕರಿರುವ ಪಕ್ಷವೊಂದು ಜಾಗ ಬದಲಿಸಿದೊಡನೆ ಇಡೀ ಸಂಪುಟ ವಾಲಿದರೆ, ಅಲ್ಲಿ ಧಾರಾಳವಾಗಿ ಬರೆಯಿರಿ. ಆ ಸಣ್ಣ ಪಕ್ಷ ಸೌಟಿನ ಹಿಡಿಯ ಕೆಲಸವನ್ನೇ ಮಾಡುತ್ತಿರುತ್ತದೆ.