ಕಂಬ ಹೆಚ್ಚಾದರೆ ನೆರಿಗೆ

ಟೀಪಾಯಿ ಮೇಲೆ ಹಾಸಲು ಗುಂಡನೆಯ ಕ್ರೋಶಾ ಹೆಣೆಯುತ್ತಿದ್ದೆ. ಆಗಿನ್ನೂ ಹೈಸ್ಕೂಲು. ಎಲ್ಲೋ ಕಂಬದ, ಅಂದರೆ ಉದ್ದನೆಯ ಹೊಲಿಗೆಯ, ಎಣಿಕೆ ತಪ್ಪಿತು. ಕಾಕು (ಚಿಕ್ಕಮ್ಮ) ನೋಡಿ, ‘ಕಂಬ ಜಾಸ್ತಿ ಹಾಕೀದಿ, ನೆರಿಗಿ ಬಿದ್ದಾವ ನೋಡು, ಬಿಚ್ಚು’ ಅಂದಳು. ಬಿಚ್ಚಿದೆ. ಕಲಬುರಗಿಯಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳುವ ಈಗಿನ ಬುದ್ಧಿ ಅವತ್ತಿದ್ದರೆ ಬಿಚ್ಚುತ್ತಿರಲಿಲ್ಲ.

ಕಾಕುನ ಲೆಕ್ಕ ಇಷ್ಟೇ: 12 ಕಂಬದಿಂದ ಶುರು, ಸುತ್ತಿಗೆ 12 ಕೂಡಿಸುತ್ತ ಹೋಗು, ರೊಟ್ಟಿಯಂತೆ ಚಪ್ಪಟೆ ಕೂಡುತ್ತದೆ. ಗಿಡ್ಡನೆಯ ಸಿಂಗಲ್ ಹೊಲಿಗೆಯಾದರೆ 6. ಯಾಕೆ ಆರು? ತ್ರಿಜ್ಯ ಒಂದು ಹೊಲಿಗೆಯಷ್ಟು ಬೆಳೆದರೆ ಪರಿಧಿ 2π, ಅಂದರೆ ಸುಮಾರು 6.28 ಹೊಲಿಗೆಯಷ್ಟು ಬೆಳೆಯಲೇಬೇಕು. ಸಿಂಗಲ್ ಹೊಲಿಗೆಯ ಎತ್ತರ ಅಗಲ ಹೆಚ್ಚುಕಡಿಮೆ ಒಂದೇ. ಕಂಬ ಅದರ ಎರಡರಷ್ಟು ಎತ್ತರ, ಅದಕ್ಕೇ 12. ಉಳಿದ ಚೂರುಪಾರು ನೂಲು ಜಗ್ಗಿದರೆ ಮುಚ್ಚಿಹೋಗುತ್ತದೆ.

ಕೂಡಿಸುವುದನ್ನು ನಿಲ್ಲಿಸಿ, ಅಂಚು ಬಾಗಿ ಟೋಪಿಯಾಗುತ್ತದೆ. ತಲೆಯ ಮೇಲಿನ ಹೆಣಿಗೆ ಟೋಪಿಯೂ ನಮ್ಮ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿಯಾ ಮಸೀದಿಯ ಗುಮ್ಮಟವೂ ಒಂದೇ ಜಾತಿ: ಎಲ್ಲ ಕಡೆಯಿಂದಲೂ ಒಂದೇ ಬದಿಗೆ ಬಾಗಿದ ಮೈ, ಅಂದರೆ ಧನ ವಕ್ರತೆ.

ಇನ್ನು ನನ್ನ ನೆರಿಗೆ. ಸಿಂಗಲ್ ಹೊಲಿಗೆಯಲ್ಲಿ ಪ್ರತಿ ಸುತ್ತಿಗೂ ಎರಡರಷ್ಟು ಮಾಡುತ್ತ ಹೋಗಿ: 6, 12, 24, 48... ಹತ್ತನೆಯ ಸುತ್ತಿಗೆ 3,072! ಚಪ್ಪಟೆ ಇರಲು ಬೇಕಾಗಿದ್ದದ್ದು 60. ಅಷ್ಟೊಂದು ಅಂಚು ಎಲ್ಲಿ ಹಿಡಿಯಬೇಕು? ಮೇಲೊಮ್ಮೆ ಕೆಳಗೊಮ್ಮೆ ಸುತ್ತಿಕೊಳ್ಳುತ್ತದೆ. ಇದು ಋಣ ವಕ್ರತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೋಯಾಯ್, ಲೊಬಚೆವ್‌ಸ್ಕಿ ಎಂಬ ಗಣಿತಜ್ಞರು ಬರಹದಲ್ಲಿ ಕಟ್ಟಿದ ಹೈಪರ್ಬೋಲಿಕ್ ಜ್ಯಾಮಿತಿ ಇಂಥ ಮೈಯದೇ. ಕೈಯಲ್ಲಿ ಹಿಡಿದು ತೋರಿಸಲು ಕಾಗದದ ಮಾದರಿಗಳಿದ್ದವು, ಹರಿಯುತ್ತಿದ್ದವು. 1997ರಲ್ಲಿ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನ್ಯಾ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅದನ್ನು ಕ್ರೋಶಾದಲ್ಲಿ ಹೆಣೆದರು.

ಹೂವಿನ ಮಾರುಕಟ್ಟೆಯಿಂದ ಒಂದು ಕೋಳಿಜುಟ್ಟಿನ ಹೂ ತನ್ನಿ. ಅಂಚು ನಡುವಿಗಿಂತ ಹೆಚ್ಚು ಬೆಳೆದಿದೆ, ಅದಕ್ಕೇ ಆ ಮಡಿಕೆ. ಪ್ಲಾಸ್ಟಿಕ್ ಚೀಲ ಹರಿದು ನೋಡಿ, ಹರಿದ ಅಂಚು ಜಗ್ಗಿ ಉದ್ದವಾಗಿ ಹಾಗೇ ನೆರಿಗೆಗಟ್ಟುತ್ತದೆ. ಅಲ್ಲಿ ಜೀವವೂ ಇಲ್ಲ, ಬೆಳೆಯುವ ಹಟವೂ ಇಲ್ಲ. ಹವಳಕ್ಕಂತೂ ಇದರಲ್ಲಿ ಲಾಭವಿದೆ: ಕಡಿಮೆ ಜಾಗದಲ್ಲಿ ಹೆಚ್ಚು ಮೈ, ಹೆಚ್ಚು ಮೈಗೆ ಹೆಚ್ಚು ಆಹಾರ. ಆಸ್ಟ್ರೇಲಿಯಾದ ಮಾರ್ಗರೆಟ್, ಕ್ರಿಸ್ಟೀನ್ ವರ್ಥೈಮ್ ಸೋದರಿಯರು 2005ರಲ್ಲಿ ಹವಳದ ದಿಬ್ಬವನ್ನೇ ಕ್ರೋಶಾದಲ್ಲಿ ಹೆಣೆಯಲು ಹೊರಟರು. ಕಂಡದ್ದೇನು? ಸೂತ್ರವನ್ನು ಚಾಚೂ ತಪ್ಪದೆ ಪಾಲಿಸಿದ ತುಂಡಿಗಿಂತ, ಅಲ್ಲಲ್ಲಿ ಎಣಿಕೆ ಬದಲಿಸಿದ ತುಂಡೇ ಹೆಚ್ಚು ಹವಳದಂತೆ ಕಂಡಿತು. ನನಗೆ ಇದೇ ಬಲು ಇಷ್ಟವಾದ ಸಂಗತಿ.

ನಾನು ತರಗತಿಗೆ ಒಯ್ಯುವ ತುಂಡಿನಲ್ಲಿ ಐದು ಹೊಲಿಗೆಗೆ ಒಂದು ಹೆಚ್ಚು. ಎರಡರಷ್ಟು ಮಾಡಿದರೆ ಉಲ್ಲನ್ ತಿಂದು ಹಾಕುತ್ತದೆ. ಅದನ್ನು ಮಡಿಸಿದರೆ ಮಡಿಕೆಯೇ ಸರಳರೇಖೆ. ಅದರ ಹೊರಗೊಂದು ಬಿಂದು ಹಿಡಿದು, ಬಣ್ಣದ ದಾರದಲ್ಲಿ ಆ ಬಿಂದುವಿನ ಮೂಲಕ ಮೂರು ರೇಖೆ ಹೊಲಿದಿದ್ದೇನೆ. ಮೂರೂ ಮೊದಲಿನದನ್ನು ಎಲ್ಲೂ ಕೂಡುವುದಿಲ್ಲ. ಒಂದೇ ಸಮಾಂತರ ರೇಖೆ ಎಂದು ಬಾಯಿಪಾಠ ಮಾಡಿಕೊಂಡು ಬಂದ ಹುಡುಗರು ತುಂಡನ್ನು ಕಸಿದುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಹೋದ ದೀಪಾವಳಿಗೆ ಕಾಕುಗೂ ತೋರಿಸಿದೆ. ಹೊಲಿಗೆ ಎಣಿಸಿದಳು, ಐದಕ್ಕೊಂದು ಸರಿಯಾಗಿದೆ ಎಂದು ತಲೆಯಾಡಿಸಿದಳು. ಆಮೇಲೆ ಕೇಳಿದಳು: ‘ಎಲ್ಲಾ ಖರೇ, ಇದನ್ನ ಯಾವುದರ ಮ್ಯಾಲ ಹಾಸಾವ್ರು?’