ಪಿಎಂಇಜಿಪಿ ಸಬ್ಸಿಡಿ ಎಲ್ಲಿ ಕೂತಿರುತ್ತದೆ? ನಮ್ಮ ಉದ್ಯಮ ತರಬೇತಿ ಬ್ಯಾಚಿನವರಿಗೆ ಟಿಪ್ಪಣಿ

ಸಣ್ಣ ಉದ್ಯಮಕ್ಕೆ ಸಾಲ ಅಂದರೆ ಸರ್ಕಾರದ ಎರಡು ಯೋಜನೆಗಳ ಹೆಸರು ಬರುತ್ತದೆ: ಮುದ್ರಾ ಮತ್ತು ಪಿಎಂಇಜಿಪಿ (ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ). ಮುದ್ರಾ ಬಗ್ಗೆ ಜಾಸ್ತಿ ಬರೆಯುವುದಿಲ್ಲ. 2015ರಲ್ಲಿ ಶುರುವಾಯಿತು. ಶಿಶು 50,000 ರೂಪಾಯಿವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ತರುಣ ಸಾಲ ಸರಿಯಾಗಿ ತೀರಿಸಿದವರಿಗೆ ಈಗ 20 ಲಕ್ಷದವರೆಗೆ ತರುಣ ಪ್ಲಸ್ ಇದೆ. ಅಡಮಾನ ಬೇಡ, ಆದರೆ ಸಬ್ಸಿಡಿಯೂ ಇಲ್ಲ. 'ಮುದ್ರಾ ಸಬ್ಸಿಡಿ ಕೊಡಸ್ತೀನ್ರಿ' ಅನ್ನುವ ದಲ್ಲಾಳಿ ಸಿಕ್ಕರೆ ಅಲ್ಲಿಂದಲೇ ಕೈಮುಗಿದು ಬನ್ನಿ.

ಸಬ್ಸಿಡಿ ಇರುವುದು ಪಿಎಂಇಜಿಪಿಯಲ್ಲಿ. ಇದರ ಮೇಲುಸ್ತುವಾರಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ್ದು. ಖಾದಿ ಅಂದರೆ ಹುಬ್ಬಳ್ಳಿಯವರಿಗೆ ಬೆಂಗೇರಿಯಲ್ಲಿ ತಯಾರಾಗುವ ಖಾದಿ ರಾಷ್ಟ್ರಧ್ವಜವೇ ಕಣ್ಮುಂದೆ ಬರುತ್ತದೆ, ಸಾಲ ನೆನಪಾಗುವುದಿಲ್ಲ! ಅರ್ಜಿ ಆನ್‌ಲೈನ್. ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕವೂ ಹೋಗಬಹುದು, ಖಾದಿ ಮಂಡಳಿಯ ಮೂಲಕವೂ ಹೋಗಬಹುದು. 18 ವರ್ಷ ತುಂಬಿರಬೇಕು. 2022ರ ಪರಿಷ್ಕರಣೆಯ ಪ್ರಕಾರ ಘಟಕದ ಒಟ್ಟು ವೆಚ್ಚಕ್ಕೆ ಮಿತಿ ತಯಾರಿಕೆಯಲ್ಲಿ 50 ಲಕ್ಷ, ಸೇವಾ ಉದ್ಯಮದಲ್ಲಿ 20 ಲಕ್ಷ. ತಯಾರಿಕೆಯಲ್ಲಿ 10 ಲಕ್ಷ, ಸೇವೆಯಲ್ಲಿ 5 ಲಕ್ಷ ದಾಟಿದರೆ ಎಂಟನೇ ತರಗತಿ ಪಾಸಾಗಿರಬೇಕು.

ಇನ್ನು ತಲೆಗೆ ಹತ್ತದ ಭಾಗ. ಇದನ್ನು ನಿಧಾನಕ್ಕೆ ಓದಿ.

ಉದಾಹರಣೆಗೆ ಗದಗ ತಾಲೂಕಿನ ಕಣಗಿನಹಾಳವನ್ನೇ ಹಿಡಿಯೋಣ. 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಊರು, ಸಾಲದ ಲೆಕ್ಕಕ್ಕೆ ಬೇರೆ ಊರು ಯಾಕೆ? ಅಲ್ಲಿ ಒಬ್ಬ ಹೆಣ್ಣುಮಗಳು ಖಡಕ್ ರೊಟ್ಟಿ ಘಟಕ ಹಾಕುತ್ತಾಳೆ ಅಂದುಕೊಳ್ಳಿ. ಒಟ್ಟು ವೆಚ್ಚ 4,00,000. ಮಹಿಳೆ, ಹಾಗಾಗಿ ವಿಶೇಷ ವರ್ಗ. ಕೈಯಿಂದ ಹಾಕಬೇಕಾದದ್ದು ಶೇ. 5, ಅಂದರೆ 20,000. ಉಳಿದ 3,80,000 ಬ್ಯಾಂಕಿನ ಸಾಲ. ಹಳ್ಳಿಯಾದ್ದರಿಂದ ಸಬ್ಸಿಡಿ ಶೇ. 35, ಅಂದರೆ 1,40,000. ಗಮನಿಸಿ, ಶೇ. 35 ಲೆಕ್ಕ ಹಾಕುವುದು ಒಟ್ಟು ವೆಚ್ಚದ ಮೇಲೆ, ಸಾಲದ ಮೇಲೆ ಅಲ್ಲ.

ಈ 1,40,000 ಅವಳ ಕೈಗೆ ಬರುವುದಿಲ್ಲ. ಸಾಲದಿಂದ ಆ ದಿನವೇ ಕಳೆಯುವುದೂ ಇಲ್ಲ. ಅದೇ ಬ್ಯಾಂಕಿನಲ್ಲಿ ಅವಳ ಹೆಸರಲ್ಲಿ ಮೂರು ವರ್ಷ ಠೇವಣಿಯಾಗಿ ಕೂತಿರುತ್ತದೆ. ಠೇವಣಿಗೆ ಬಡ್ಡಿ ಇಲ್ಲ. 'ಅಯ್ಯೋ, ಬಡ್ಡಿನೂ ಇಲ್ಲಂದ್ರ ಲಾಭ ಏನು?' ಅನ್ನಿಸುತ್ತದೆ ಅಲ್ವಾ? ಲಾಭ ಇನ್ನೊಂದು ಕಡೆ ಇದೆ. ಸಾಲದಲ್ಲೂ ಅಷ್ಟೇ ಮೊತ್ತಕ್ಕೆ ಬ್ಯಾಂಕು ಬಡ್ಡಿ ಹಾಕುವಂತಿಲ್ಲ. ಸಾಲ 3,80,000 ಇದ್ದರೂ ಬಡ್ಡಿ ಓಡುವುದು 2,40,000ಕ್ಕೆ ಮಾತ್ರ. ಬಡ್ಡಿ ಶೇ. 11 ಅಂತ ಇಟ್ಟುಕೊಂಡರೆ ವರ್ಷಕ್ಕೆ 15,400 ರೂಪಾಯಿ ಉಳಿತಾಯ.

ಆದರೆ ಅಸಲು? ಅದನ್ನು ಕಂತಿನಲ್ಲಿ ಕಟ್ಟುತ್ತಲೇ ಹೋಗಬೇಕು. ಮೂರು ವರ್ಷದಲ್ಲಿ 2,00,000 ಅಸಲು ತೀರಿತು ಅನ್ನಿ. ಬಾಕಿ 1,80,000. ಅಧಿಕಾರಿಗಳು ಬಂದು ಘಟಕ ನಡೆಯುತ್ತಿದೆ ಅಂತ ನೋಡಿದ ಮೇಲೆ ಠೇವಣಿಯ 1,40,000 ಸಾಲಕ್ಕೆ ಜಮಾ ಆಗುತ್ತದೆ. ಉಳಿಯುವುದು 40,000. ನಡುವೆ ಅಂಗಡಿ ಮುಚ್ಚಿದರೆ ಸಬ್ಸಿಡಿ ವಾಪಸ್, ಸಾಲ ಮಾತ್ರ ತಲೆ ಮೇಲೆ. ಅದಕ್ಕೇ ಸಬ್ಸಿಡಿ ನಂಬಿ ಮನೆಯ ಪತ್ರಾಸ್ ಬದಲಿಸುವ ಯೋಚನೆ ಬೇಡ.

ಇದೇ ಘಟಕ ಹುಬ್ಬಳ್ಳಿ ಊರೊಳಗೆ ಹಾಕಿದರೆ ಶೇ. 25, ಅಂದರೆ 1,00,000 ಮಾತ್ರ. ಸಾಮಾನ್ಯ ವರ್ಗದ ಗಂಡಸರಿಗೆ ಹಳ್ಳಿಯಲ್ಲಿ ಶೇ. 25, ಪಟ್ಟಣದಲ್ಲಿ ಶೇ. 15, ಕೈಯಿಂದ ಶೇ. 10.

4,00,000 ಎಲ್ಲಿಂದ ಬಂತು ಅನ್ನುವುದನ್ನೂ ನೋಡಿ. ಯಂತ್ರ, ಒಲೆ, ಪ್ಯಾಕಿಂಗ್ ಸಾಮಾನು ಸೇರಿ 3,40,000. ಜಾಗದ ಬೆಲೆ ಸೇರಿಸುವಂತಿಲ್ಲ. ಉಳಿದ 60,000 ದುಡಿಯುವ ಬಂಡವಾಳ, ಅಂದರೆ ಮಾರಿದ ರೊಕ್ಕ ಬರುವವರೆಗೆ ದಿನದ ಖರ್ಚಿಗೆ ಬೇಕಾದ ಹಣ. ನಮ್ಮ ತರಬೇತಿಯಲ್ಲಿ ಸರ್ ಪೆನ್ಸಿಲ್ ಹಿಡಿದು ನಿಲ್ಲುವುದು ಈ ಸಾಲಿನಲ್ಲೇ. 'ಅಕ್ಕಾರ, ರೊಟ್ಟಿ ಹೋದ ದಿನಾನ ರೊಕ್ಕ ಬರ್ತದೇನ್ರಿ?' ಅಂತ ಕೇಳುತ್ತಾರೆ. ಬರುವುದಿಲ್ಲ. ಖಾನಾವಳಿಯವರು ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡುತ್ತಾರೆ. ದಿನಕ್ಕೆ ಜೋಳ, ಗ್ಯಾಸು, ಕೂಲಿ ಸೇರಿ 2,000 ಖರ್ಚಾದರೆ 30 ದಿನಕ್ಕೆ 60,000 ಕೈಯಲ್ಲಿರಬೇಕು. ಒಂದು ವಾರದ ಖರ್ಚಷ್ಟೇ ಬರೆದವರ ಯಂತ್ರ ಎರಡನೇ ವಾರಕ್ಕೆ ಸುಮ್ನೆ ನಿಲ್ಲುತ್ತದೆ, ಉದ್ರಿ ಮಾತ್ರ ಖಾತೆಯಲ್ಲಿ ಬೆಳೆಯುತ್ತದೆ. ನನ್ನ ಪ್ರಕಾರ ಮಾರ್ಗದರ್ಶಕರ ನಿಜವಾದ ಕೆಲಸ ಇದು. ಫಾರಂ ತುಂಬಲು ಯಾರಾದರೂ ಸಿಗುತ್ತಾರೆ, ಉದ್ರಿ ಎಷ್ಟು ದಿನ ಅಂತ ಕೇಳುವವರು ಸಿಗುವುದಿಲ್ಲ.

ಅಂಥವರು ಎಲ್ಲಿದ್ದಾರೆ? ಧಾರವಾಡದಲ್ಲೇ ಸಿಡಾಕ್ (ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರ) ಇದೆ. ಸ್ವಉದ್ಯೋಗ ತರಬೇತಿ ಕೊಡುವ, 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯ ಶಾಖೆಯೂ ಧಾರವಾಡದಲ್ಲಿದೆ. ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ತರಬೇತಿ ಸಂಸ್ಥೆ ಆರ್‌ಸೆಟಿ. ತರಬೇತಿ, ಊಟ, ವಸತಿ ಉಚಿತ, ಮುಗಿದ ಮೇಲೆ ಎರಡು ವರ್ಷ ವಿಚಾರಿಸಿಕೊಳ್ಳುತ್ತಾರೆ. ತಂತ್ರಜ್ಞಾನದ ಸ್ಟಾರ್ಟಪ್ ಆದರೆ ಹೊಸ ಕಂಪನಿಗಳನ್ನು ಬೆಳೆಸುವ ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್ ಇದೆ. ರೊಟ್ಟಿ, ಹೊಲಿಗೆ, ಬ್ಯಾಡಗಿ ಮೆಣಸಿನಕಾಯಿ ಪುಡಿ ಮಾಡುವವರಿಗೆ ಮೊದಲಿನವೇ ಸರಿ.

ತರಬೇತಿಯ ಪ್ರಮಾಣಪತ್ರವನ್ನು ಬ್ಯಾಂಕಿಗೆ ಬೇಗ ಕೊಡಿ, ಸಬ್ಸಿಡಿ ಕ್ಲೇಮಿಗೆ ಅದನ್ನು ಕೇಳುತ್ತಾರೆ. ಪಿಎಂಇಜಿಪಿ ಘಟಕ ಅನ್ನುವ ಫಲಕ ಹಾಕಿ. ಯಂತ್ರದ ಬಿಲ್ಲುಗಳನ್ನು ಒಂದೇ ಫೈಲಿನಲ್ಲಿ ಇಡಿ. ಮೂರು ವರ್ಷದ ನಂತರ ನೋಡಲು ಬರುವವರಿಗೆ ಘಟಕ ನಡೆಯುತ್ತಿರುವುದರ ಜೊತೆಗೆ ಇವೂ ಕಾಣಬೇಕು.