‘ರಕ್ತ ತೆಳು ಮಾಡುವ ಮಾತ್ರೆ’ ಅಂದರೆ ಯಾವ ಮಾತ್ರೆ?

ಎಎಫ್ (ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ) ಇರುವವರಿಗೆ ಬುದ್ಧಿ ಹೇಳುವ ಸಂದೇಶವೊಂದು ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇದೆ. ದಿನಾ ಒಂದು ಎಕೋಸ್ಪ್ರಿನ್ 75 ನುಂಗಿ, ಅದೂ ರಕ್ತ ತೆಳು ಮಾಡುವ ಮಾತ್ರೆಯೇ, ಸುಮ್ನೆ ದುಬಾರಿ ಮಾತ್ರೆ ಯಾಕೆ ಎನ್ನುವುದು ಅದರ ಸಾರ. ಈ ಸಲ ಬಂದಾಗ ಬರೆದೇ ಬಿಡೋಣ ಅನ್ನಿಸಿತು. ತಪ್ಪೆಲ್ಲ ಇರುವುದು ‘ಅದೂ’ ಎನ್ನುವ ಎರಡಕ್ಷರದಲ್ಲಿ.

ಈ ಹೆಸರಿನಲ್ಲಿ ನಾವು ಒಟ್ಟಿಗೆ ಸೇರಿಸಿಬಿಟ್ಟಿರುವುದು ಎರಡು ಬೇರೆ ಜಾತಿಯ ಔಷಧಿಗಳನ್ನು. ಒಂದು, ಪ್ಲೇಟ್‌ಲೆಟ್‌ಗಳನ್ನು ತಡೆಯುವ ಜಾತಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಇದಕ್ಕೆ ಸೇರಿದವು. ಎಕೋಸ್ಪ್ರಿನ್ ಅಂದರೆ ಆಸ್ಪಿರಿನ್ನೇ. ಇನ್ನೊಂದು, ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ತಡೆಯುವ ಜಾತಿ. ವಾರ್ಫರಿನ್, ಅಸಿಟ್ರಾಂ, ಈಚೆಗೆ ಬಂದ ಅಪಿಕ್ಸಬಾನ್, ರಿವರೋಕ್ಸಬಾನ್, ಡಬಿಗಟ್ರಾನ್ ಇಲ್ಲಿ ಬರುತ್ತವೆ. ಎಎಫ್‌ನಿಂದ ಬರುವ ಪಾರ್ಶ್ವವಾಯುವಿಗೆ ತಡೆ ಬೇಕಿದ್ದರೆ ಎರಡನೆಯ ಜಾತಿಯೇ ಬೇಕು. ಆಸ್ಪಿರಿನ್ ಆ ಕೆಲಸಕ್ಕೆ ಆಗುವುದಿಲ್ಲ.

ಇನ್ನು, ಇವೆರಡರಲ್ಲಿ ಯಾವುದೂ ರಕ್ತವನ್ನು ತೆಳು ಮಾಡುವುದಿಲ್ಲ! ಹೆಸರೇ ತಪ್ಪು.

ಹಾಲಿಗೆ ನೀರು ಬೆರೆಸಿದರೆ ಹಾಲು ತೆಳುವಾಗುತ್ತದೆ. ಆ ನೀರು ಹಾಲಿಗೇ ಒಂದು ಚಮಚ ಹೆಪ್ಪು ಹಾಕಿ ಇಡಿ. ಬೆಳಗ್ಗೆ ಅದೂ ಮೊಸರಾಗಿರುತ್ತದೆ, ರುಚಿ ಇರಲ್ಲ ಅಷ್ಟೇ. ಗಟ್ಟಿ ಹಾಲಿಗೆ ಹೆಪ್ಪೇ ಹಾಕದಿದ್ದರೆ ಅದು ಮೊಸರಾಗುವುದಿಲ್ಲ. ತೆಳು ಮಾಡುವುದು ಬೇರೆ, ಹೆಪ್ಪು ತಡೆಯುವುದು ಬೇರೆ. ಈ ಮಾತ್ರೆಗಳು ಮಾಡುವುದು ಎರಡನೆಯದನ್ನು. ತಮಾಷೆ ನೋಡಿ, ‘ರಕ್ತ ಹೆಪ್ಪುಗಟ್ಟುವುದು’ ಎಂದು ಹೇಳುವಾಗ ನಾವು ಮೊಸರಿನ ಮಾತನ್ನೇ ಆಡುತ್ತಿರುತ್ತೇವೆ. ಇಂಗ್ಲಿಷಿನ ಕೊಆಗ್ಯುಲೇಶನ್ ಕೂಡ ಹಾಗೇ ಹುಟ್ಟಿದ್ದು. ಲ್ಯಾಟಿನ್ನಿನ ‘ಕೊಆಗುಲುಮ್’ ಅಂದರೆ ಚೀಸ್ ಮಾಡಲು ಹಾಲಿಗೆ ಹಾಕುವ ರೆನೆಟ್, ಅಂದರೆ ಅವರ ಹೆಪ್ಪು. ಆಂಟಿಕೊಆಗ್ಯುಲೆಂಟ್ ಎಂದರೆ ಹೆಪ್ಪು ತಡೆಯುವುದು ಎಂದಷ್ಟೇ ಅರ್ಥ. ಇಷ್ಟು ಸಲೀಸಾದ ಮಾತು ಕೈಯಲ್ಲೇ ಇದ್ದರೂ ‘ಬ್ಲಡ್ ಥಿನ್ನರ್’ ಅನ್ನು ಪದಕ್ಕೆ ಪದ ಇಳಿಸಿ ‘ರಕ್ತ ತೆಳು’ ಮಾಡಿಕೊಂಡೆವು.

ಹೆಸರಲ್ಲೇನಿದೆ ಅನ್ನಬೇಡಿ. ‘ತೆಳು’ ಅಂದ ಕೂಡಲೇ ನಮ್ಮವರ ತಲೆಗೆ ಬರುವುದು ರಕ್ತ ನೀರಾಗುವುದು, ರಕ್ತ ಕಮ್ಮಿಯಾಗುವುದು. ಮಾತ್ರೆ ನುಂಗಿ ನಿಶ್ಶಕ್ತಿಯಾಯಿತು, ರಕ್ತ ತೆಳುವಾಗಿಬಿಟ್ಟಿದೆ ಎಂದು ಮಾತ್ರೆ ನಿಲ್ಲಿಸಿ ಬೀಟ್‌ರೂಟ್ ಜ್ಯೂಸ್ ಶುರು ಮಾಡುವವರಿದ್ದಾರೆ. ದಿನಕ್ಕೆ ಇಷ್ಟು ಲೀಟರ್ ನೀರು ಕುಡಿದರೆ ರಕ್ತ ತಾನಾಗಿ ತೆಳುವಾಗುತ್ತದೆ, ಮಾತ್ರೆ ಯಾಕೆ ಎನ್ನುವವರೂ ಇದ್ದಾರೆ. ಖಾಲಿ ಹೊಟ್ಟೆಗೆ ಬೆಳ್ಳುಳ್ಳಿ ತಿನ್ನುವವರದ್ದು ಇನ್ನೊಂದು ಬಣ. ಬೆಳ್ಳುಳ್ಳಿ ಒಗ್ಗರಣೆಗೆ ಚೆನ್ನ. ಎಎಫ್‌ನಲ್ಲಿ ಅದನ್ನು ನಂಬಿ ಕೂರಲು ಆಗುವುದಿಲ್ಲ.

ಈಗ ಮುಖ್ಯ ಗೊಂದಲಕ್ಕೆ ಬರುತ್ತೇನೆ. ಎರಡೂ ಹೆಪ್ಪು ತಡೆಯುತ್ತವೆ ಅಂದಮೇಲೆ ಯಾವುದಾದರೇನು, ಅಲ್ವಾ? ಇಲ್ಲ. ಹೆಪ್ಪಿನಲ್ಲೇ ಎರಡು ಬಗೆ ಇದೆ.

ಹೃದಯಾಘಾತವಾಗುವಾಗ ಏನಾಗುತ್ತದೆ? ರಕ್ತನಾಳದ ಒಳಗೋಡೆಯಲ್ಲಿ ಕಟ್ಟಿಕೊಂಡ ಕೊಬ್ಬಿನ ಗಡ್ಡೆ ಬಿರಿಯುತ್ತದೆ. ಅಲ್ಲಿ ರಕ್ತ ರಭಸವಾಗಿ ಹರಿಯುತ್ತಿರುತ್ತದೆ. ಗಾಯ ಕಂಡ ಪ್ಲೇಟ್‌ಲೆಟ್‌ಗಳು ಓಡಿ ಬಂದು ಮೆತ್ತಿಕೊಳ್ಳುತ್ತವೆ, ಒಂದಕ್ಕೊಂದು ಅಂಟುತ್ತವೆ, ದಾರಿ ಕಟ್ಟುತ್ತವೆ. ಇದರಲ್ಲಿ ಪ್ಲೇಟ್‌ಲೆಟ್ ಜಾಸ್ತಿ, ಹಾಗಾಗಿ ಇದು ಬಿಳಿ ಹೆಪ್ಪು. ಡೆಂಗಿಯ ದಯೆಯಿಂದ ಪ್ಲೇಟ್‌ಲೆಟ್ ಅಂದರೇನೆಂದು ಈಗ ಯಾರಿಗೂ ಹೇಳಿಕೊಡಬೇಕಿಲ್ಲ. ಆಸ್ಪಿರಿನ್ ಅವುಗಳ ಲೆಕ್ಕ ಇಳಿಸುವುದಿಲ್ಲ, ಅಂಟು ಕಳೆಯುತ್ತದೆ. ಪ್ಲೇಟ್‌ಲೆಟ್ ಒಳಗಿನ ಒಂದು ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ, ಕೆಟ್ಟ ಕಿಣ್ವದ ಜಾಗಕ್ಕೆ ಹೊಸದನ್ನು ಮಾಡಿಕೊಳ್ಳಲಾರದು. ಅದರ ಆಯುಸ್ಸೇ 7ರಿಂದ 10 ದಿನ, ಅಷ್ಟು ದಿನವೂ ಅದು ನಿಷ್ಪ್ರಯೋಜಕ. 75 ಮಿಲಿಗ್ರಾಂನ ಸಣ್ಣ ಮಾತ್ರೆ ಇಷ್ಟು ಕೆಲಸ ಮಾಡುವುದು ಇದೇ ಕಾರಣಕ್ಕೆ.

ಎಎಫ್‌ನಲ್ಲಿ ಕತೆ ಬೇರೆ. ಹೃದಯದ ಮೇಲಿನ ಕೋಣೆಗಳು ಹಿಂಡುವುದನ್ನು ಬಿಟ್ಟು ಸುಮ್ಮನೆ ಅದುರುತ್ತಿರುತ್ತವೆ. ಎಡಗಡೆಯ ಮೇಲಿನ ಕೋಣೆಗೆ ಹೆಬ್ಬೆರಳಿನಷ್ಟು ಉದ್ದದ ಒಂದು ಚೀಲ ಅಂಟಿಕೊಂಡಿದೆ. ಬಾಯಿ ಕಿರಿದು, ಒಳಗೆ ಮೂಲೆ ಮೂಲೆ, ಸಂದು ಸಂದು. ಕೋಣೆ ಹಿಂಡದಿದ್ದಾಗ ಅಲ್ಲಿ ಹೊಕ್ಕ ರಕ್ತ ನಿಂತುಬಿಡುತ್ತದೆ. ನಿಂತ ರಕ್ತದಲ್ಲಿ ಹೆಪ್ಪುಗಟ್ಟಿಸುವ ಪ್ರೋಟೀನುಗಳು ಸರಪಳಿಯಂತೆ ಒಂದನ್ನೊಂದು ಎಬ್ಬಿಸುತ್ತವೆ. ಕೊನೆಗೆ ಫೈಬ್ರಿನ್ ಎಂಬ ಎಳೆಗಳು ಹುಟ್ಟಿ ಕೆಂಪು ಕಣಗಳನ್ನು ಸಿಕ್ಕಿಸಿಕೊಳ್ಳುತ್ತವೆ. ಇದು ಕೆಂಪು ಹೆಪ್ಪು. ಕವಾಟದ ಕಾಯಿಲೆ ಇಲ್ಲದ ಎಎಫ್‌ನಲ್ಲಿ ಎಡಕೋಣೆಯ ಹೆಪ್ಪುಗಳು ಹತ್ತಕ್ಕೆ ಒಂಬತ್ತು ಸಿಗುವುದು ಆ ಚೀಲದಲ್ಲೇ. ಅಲ್ಲಿಂದ ಒಂದು ತುಣುಕು ಕಳಚಿಕೊಂಡರೆ ನೇರವಾಗಿ ಮೆದುಳಿನ ದೊಡ್ಡ ರಕ್ತನಾಳಕ್ಕೆ ಹೋಗಿ ಕೂರಬಹುದು. ಎಎಫ್‌ನ ಪಾರ್ಶ್ವವಾಯು ಬೇರೆಯವುಗಳಿಗಿಂತ ಜೋರಾಗಿರುವುದು ಇದಕ್ಕೇ.

ಈ ಫೈಬ್ರಿನ್ ಸರಪಳಿಯನ್ನು ಆಸ್ಪಿರಿನ್ ಮುಟ್ಟುವುದಿಲ್ಲ. ನಂಬಿಕೆ ಬರದಿದ್ದರೆ ಲ್ಯಾಬ್‌ಗೆ ಹೋಗಿ ನೋಡಿ. ಪಿಟಿ-ಐಎನ್‌ಆರ್ ಪರೀಕ್ಷೆಗೆ ತಿಳಿನೀಲಿ ಮುಚ್ಚಳದ ಟ್ಯೂಬ್ ಇರುತ್ತದೆ. ಒಳಗೆ ಸಿಟ್ರೇಟ್ ದ್ರವ. ರಕ್ತವನ್ನು ಅದರ ಮೇಲಿನ ಗೀಟಿಗೆ ಸರಿಯಾಗಿ ತುಂಬಬೇಕು, ಕಮ್ಮಿಯಾದರೆ ಮತ್ತೆ ಚುಚ್ಚಿಸಿಕೊಳ್ಳಬೇಕು. ರಕ್ತವನ್ನು ಗಿರಗಿರ ತಿರುಗಿಸಿ ಮೇಲಿನ ಹಳದಿ ದ್ರವ ತೆಗೆದು, ಅದಕ್ಕೆ ಹೆಪ್ಪುಗಟ್ಟಿಸುವ ರಾಸಾಯನಿಕ ಹಾಕಿ ಎಷ್ಟು ಸೆಕೆಂಡಿಗೆ ಗಟ್ಟಿಯಾಗುತ್ತದೆ ಎಂದು ಎಣಿಸುತ್ತಾರೆ. ಮಾಮೂಲಿಯಾಗಿ 12 ಸೆಕೆಂಡಿನ ಆಸುಪಾಸು. ಅದನ್ನು ಐಎನ್‌ಆರ್ ಲೆಕ್ಕಕ್ಕೆ ತಂದರೆ 1. ಅಸಿಟ್ರಾಂ ಅಥವಾ ವಾರ್ಫರಿನ್ ನುಂಗುವ ಎಎಫ್ ರೋಗಿಯಲ್ಲಿ ಇದು 2ರಿಂದ 3ರ ನಡುವೆ ಇರಬೇಕು. ಎಕೋಸ್ಪ್ರಿನ್ ಒಂದನ್ನೇ ವರ್ಷಗಟ್ಟಲೆ ನುಂಗಿದವರ ರಕ್ತ ತೆಗೆದು ನೋಡಿ, 1ರ ಹತ್ತಿರವೇ ಇರುತ್ತದೆ. ಆದರೂ ಎಕೋಸ್ಪ್ರಿನ್ ತಗೊಳ್ಳುವವರು ‘ರಕ್ತ ಎಷ್ಟು ತೆಳುವಾಗಿದೆ ನೋಡಿ’ ಎಂದು ಐಎನ್‌ಆರ್ ಮಾಡಿಸುತ್ತಾರೆ. ದುಡ್ಡು ದಂಡ.

ಸೊಪ್ಪಿನ ಪಥ್ಯವೂ ಇದೇ ಗೊಂದಲದ ಕೂಸು. ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ. ಆ ‘ಕೆ’ ಬಂದಿದ್ದೇ ಜರ್ಮನ್, ಡ್ಯಾನಿಶ್ ಭಾಷೆಗಳ ‘ಕೊಆಗುಲೇಶನ್’ ಪದದ ಮೊದಲಕ್ಷರದಿಂದ. ಅಸಿಟ್ರಾಂ, ವಾರ್ಫರಿನ್ ಕೆಲಸ ಮಾಡುವುದು ಈ ವಿಟಮಿನ್ನಿಗೆ ಅಡ್ಡ ನಿಂತು. ಆದ್ದರಿಂದ ಇವನ್ನು ನುಂಗುವವರು ಸೊಪ್ಪನ್ನು ಒಂದು ದಿನ ಕಟ್ಟುಗಟ್ಟಲೆ, ಇನ್ನೊಂದು ದಿನ ಸೊನ್ನೆ ಎಂದು ಮಾಡದೆ ಒಂದೇ ಹದದಲ್ಲಿ ತಿನ್ನಬೇಕು. ಬಿಟ್ಟೇಬಿಡಬೇಕಿಲ್ಲ. ಆಸ್ಪಿರಿನ್‌ಗೂ ಅಪಿಕ್ಸಬಾನ್‌ಗೂ ಈ ತಾಪತ್ರಯವೇ ಇಲ್ಲ. ಆದರೆ ‘ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳೋರು ಸೊಪ್ಪು ತಿನ್ನಬಾರದು’ ಎಂದು ಯಾರೋ ಹೇಳಿದ್ದಕ್ಕೆ ಮೆಂತ್ಯಸೊಪ್ಪಿನ ಪಲ್ಯವನ್ನೇ ಬಿಟ್ಟ ಎಕೋಸ್ಪ್ರಿನ್ ಮಂದಿ ಬೇಕಾದಷ್ಟಿದ್ದಾರೆ.

ವಾರ್ಫರಿನ್ ಎಂಬ ಹೆಸರಿನ ಹಿಂದೆ ಒಂದು ಕತೆಯಿದೆ. 1920ರ ದಶಕದಲ್ಲಿ ಅಮೆರಿಕದ ಉತ್ತರ ಭಾಗ ಮತ್ತು ಕೆನಡಾದಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ಸೋರಿ ಸಾಯತೊಡಗಿದವು. ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳಿಗೇ ಹೀಗಾಗುತ್ತಿತ್ತು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ನಿನ ಒಬ್ಬ ರೈತ ಸತ್ತ ಆಕಳು, ಕೆಟ್ಟ ಮೇವು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ ಹೇರಿಕೊಂಡು, ಹಿಮಗಾಳಿಯಲ್ಲಿ ಮ್ಯಾಡಿಸನ್‌ನ ವಿಶ್ವವಿದ್ಯಾಲಯಕ್ಕೆ ಬಂದ. ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ತಂಡ ವರ್ಷಗಟ್ಟಲೆ ಕೂತು ಆ ಮೇವಿನಿಂದ ಡೈಕೂಮರಾಲ್ ಎಂಬ ವಸ್ತುವನ್ನು ಬೇರ್ಪಡಿಸಿತು. ಅದರ ತಮ್ಮನೇ ವಾರ್ಫರಿನ್. ಸಂಶೋಧನೆಗೆ ದುಡ್ಡು ಕೊಟ್ಟ ವಿಸ್ಕಾನ್ಸಿನ್ ಅಲಮ್ನೈ ರಿಸರ್ಚ್ ಫೌಂಡೇಶನ್ನಿನ ಮೊದಲಕ್ಷರಗಳು ‘ವಾರ್ಫ್’, ಬಾಲಕ್ಕೆ ಕೂಮರಿನ್‌ನ ‘ಅರಿನ್’. 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರ ಔಷಧಿಯಾಯಿತು. 1955ರಲ್ಲಿ ಹೃದಯಾಘಾತವಾದಾಗ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಇದನ್ನು ಕೊಟ್ಟರು. ‘ಇಲಿ ಪಾಷಾಣ ಕಣ್ರೀ ಅದು’ ಎಂದು ಹೆದರಿಸುವವರು ಪೂರ್ತಿ ಸುಳ್ಳು ಹೇಳುತ್ತಿಲ್ಲ. ಅರ್ಧ ಹೇಳುತ್ತಿದ್ದಾರೆ. ಅಳತೆ ಮತ್ತು ಐಎನ್‌ಆರ್ ಇದ್ದರೆ ಅದೇ ಔಷಧಿ.

ಹಾಗಾದರೆ ಎಎಫ್‌ಗೆ ಆಸ್ಪಿರಿನ್ ಎನ್ನುವ ಮಾತು ಎಲ್ಲಿಂದ ಬಂತು? ಯಾರೋ ಕಟ್ಟಿದ ಕತೆ ಅಲ್ಲ. ವಾರ್ಫರಿನ್ ಕೊಟ್ಟು ಸಂಭಾಳಿಸುವುದು ಕಷ್ಟವಿದ್ದ ಕಾಲದಲ್ಲಿ, ಅಪಾಯ ಕಮ್ಮಿ ಇರುವವರಿಗೆ ಆಸ್ಪಿರಿನ್ ಕೊಡಿ ಎಂದು ಮಾರ್ಗಸೂಚಿಗಳೇ ಹೇಳುತ್ತಿದ್ದವು. 2006ರ ಅಮೆರಿಕ-ಯುರೋಪಿನ ಮಾರ್ಗಸೂಚಿಯಲ್ಲೂ ಅದಿತ್ತು. 2007ರಲ್ಲಿ ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ವಾರ್ಫರಿನ್ ಪಾರ್ಶ್ವವಾಯುವನ್ನು ಶೇ. 64ರಷ್ಟು ತಗ್ಗಿಸುತ್ತದೆ, ಆಸ್ಪಿರಿನ್ ಮತ್ತು ಅದರ ಜಾತಿಯವು ಶೇ. 20ರ ಆಸುಪಾಸು ಎಂದು ಕಂಡಿತು. ಆ ಇಪ್ಪತ್ತೂ ಹೆಚ್ಚುಕಮ್ಮಿ ಒಂದೇ ಪ್ರಯೋಗದ ಬಲದ ಮೇಲೆ ನಿಂತಿತ್ತು.

ನನಗೆ ಹೆಚ್ಚು ಸಿಟ್ಟು ಬರುವುದು ‘ಆಸ್ಪಿರಿನ್ ಮೈಲ್ಡು, ವಯಸ್ಸಾದವರಿಗೆ ಅದೇ ಸೇಫು’ ಎನ್ನುವ ಮಾತಿಗೆ. ಇದನ್ನೇ ಪರೀಕ್ಷಿಸಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನವರು ಬಾಫ್ಟಾ ಎಂಬ ಅಧ್ಯಯನ ಮಾಡಿದರು. ಸಿನಿಮಾ ಪ್ರಶಸ್ತಿಗೂ ಇದಕ್ಕೂ ಸಂಬಂಧವಿಲ್ಲ. ಎಎಫ್ ಇದ್ದ, 75 ದಾಟಿದ 973 ಜನರಲ್ಲಿ ಅರ್ಧದಷ್ಟು ಮಂದಿಗೆ ವಾರ್ಫರಿನ್, ಉಳಿದವರಿಗೆ 75 ಮಿಲಿಗ್ರಾಂ ಆಸ್ಪಿರಿನ್. 2007ರಲ್ಲಿ ಫಲಿತಾಂಶ ಬಂತು. ಗಂಭೀರ ಪಾರ್ಶ್ವವಾಯು ಮತ್ತು ಅಂಥದೇ ಅನಾಹುತಗಳು ವರ್ಷಕ್ಕೆ ವಾರ್ಫರಿನ್‌ನವರಲ್ಲಿ ಶೇ. 1.8, ಆಸ್ಪಿರಿನ್‌ನವರಲ್ಲಿ ಶೇ. 3.8. ದೊಡ್ಡ ರಕ್ತಸ್ರಾವ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. 2011ರ ಅವೆರೋಸ್ ಅಧ್ಯಯನದಲ್ಲಿ ವಾರ್ಫರಿನ್ ಕೊಡಲಾಗದ 5,599 ಜನರಿಗೆ ಅಪಿಕ್ಸಬಾನ್ ಅಥವಾ ಆಸ್ಪಿರಿನ್ ಕೊಟ್ಟರು. ಪಾರ್ಶ್ವವಾಯು ಮತ್ತು ಬೇರೆ ಕಡೆ ಹೆಪ್ಪು ಸಿಕ್ಕಿಕೊಳ್ಳುವುದು ವರ್ಷಕ್ಕೆ ಶೇ. 1.6 ಮತ್ತು ಶೇ. 3.7. ದೊಡ್ಡ ರಕ್ತಸ್ರಾವ ಶೇ. 1.4 ಮತ್ತು ಶೇ. 1.2. ಆಸ್ಪಿರಿನ್ನಿನ ಈ ‘ಸೇಫು’ ಎಲ್ಲಿದೆ, ಹುಡುಕಿ ಕೊಡಿ. ರಕ್ತಸ್ರಾವದ ಅಪಾಯ ಹಾಗೇ ಉಳಿಯುತ್ತದೆ, ರಕ್ಷಣೆ ಮಾತ್ರ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ನೈಸ್ ಸಂಸ್ಥೆ 2014ರಲ್ಲೇ, ಎಎಫ್‌ನ ಪಾರ್ಶ್ವವಾಯು ತಡೆಗೆಂದು ಆಸ್ಪಿರಿನ್ ಒಂದನ್ನೇ ಕೊಡಬೇಡಿ ಎಂದಿತು. 2023ರ ಅಮೆರಿಕದ ಮಾರ್ಗಸೂಚಿಯ ಮಾತೂ ಅದೇ.

ಎಎಫ್ ಇರುವ ಎಲ್ಲರಿಗೂ ಹೆಪ್ಪು ತಡೆಯುವ ಮಾತ್ರೆ ಬೇಕೆಂದೂ ಅಲ್ಲ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಪಾರ್ಶ್ವವಾಯು ಆಗಿತ್ತಾ ಎಂಬುದನ್ನೆಲ್ಲ ಸೇರಿಸಿ ಡಾಕ್ಟರು ಒಂದು ಅಂಕ ಹಾಕುತ್ತಾರೆ. ಅಂಕ ತೀರಾ ಕಮ್ಮಿ ಇದ್ದರೆ ಯಾವ ಮಾತ್ರೆಯೂ ಬೇಕಿಲ್ಲ, ಆಸ್ಪಿರಿನ್ ಕೂಡ ಬೇಡ. ‘ದೊಡ್ಡದು ಬೇಡ, ಚಿಕ್ಕದಿರಲಿ’ ಎಂಬ ನಡುವಿನ ಮೆಟ್ಟಿಲು ಇಲ್ಲಿ ಇಲ್ಲ. ನಮ್ಮ ದೇಶದಲ್ಲಿ ಈಗಲೂ ಕಾಣುವ ಇನ್ನೊಂದು ಬಗೆಯಿದೆ. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿ ಎಎಫ್ ಬಂದವರು. ಇವರಿಗೆ ಅಂಕ ನೋಡದೆಯೇ ಮಾತ್ರೆ ಬೇಕು, ಅದೂ ಹಳೆಯ ಅಸಿಟ್ರಾಂ, ವಾರ್ಫರಿನ್ ಬಗೆಯದೇ. ಭಾರತದವರೂ ಇದ್ದ ಇನ್‌ವಿಕ್ಟಸ್ ಅಧ್ಯಯನದಲ್ಲಿ (2022) ಹೊಸ ರಿವರೋಕ್ಸಬಾನ್ ಹಳೆಯದರ ಮುಂದೆ ಸೋತಿತು. ಅಂದರೆ ಎರಡನೆಯ ಜಾತಿಯ ಒಳಗೂ ‘ಅದೂ ಇದೇ’ ಎಂದು ಬದಲಿಸುವ ಹಾಗಿಲ್ಲ.

ಇದನ್ನು ಓದಿ ಎಕೋಸ್ಪ್ರಿನ್ ಸ್ಟ್ರಿಪ್ಪನ್ನು ಕಸದ ಬುಟ್ಟಿಗೆ ಹಾಕಬೇಡಿ. ಸ್ಟೆಂಟ್ ಹಾಕಿಸಿಕೊಂಡವರಿಗೆ, ಹೃದಯಾಘಾತವಾದವರಿಗೆ ಅದನ್ನು ಕೊಟ್ಟಿರುವುದು ಬಿಳಿ ಹೆಪ್ಪಿಗೆ. ಜೊತೆಗೆ ಎಎಫ್ ಕೂಡ ಇದ್ದರೆ ಯಾವುದು ಎಷ್ಟು ದಿನ ಎನ್ನುವ ಲೆಕ್ಕ ಬೇರೆಯಾಗುತ್ತದೆ. ಸಾಮಾನ್ಯವಾಗಿ ಕೆಲ ಕಾಲ ಎರಡೂ ಜಾತಿ, ವರ್ಷದ ಮೇಲೆ ಎರಡನೆಯ ಜಾತಿಯದು ಒಂದೇ. ಅದನ್ನು ಹೇಳಬೇಕಾದವರು ನಿಮ್ಮ ಕಾರ್ಡಿಯಾಲಜಿಸ್ಟ್. ಸ್ಟೆಂಟ್ ಇರುವವರು ಕೇಳದೆ ನಿಲ್ಲಿಸಿದರೆ ಜೀವಕ್ಕೇ ಕುತ್ತು.

ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳಿ ತಗೊಳ್ಳುವ ಅಭ್ಯಾಸವಿದ್ದರೆ ಬಿಡಿ. ಈ ಮಾತ್ರೆಗಳ ಜೊತೆ ಅವು ಹೊಟ್ಟೆಯಲ್ಲಿ ರಕ್ತ ಸೋರಿಸುತ್ತವೆ. ನೋವಿಗೆ ಪ್ಯಾರಸಿಟಮಾಲ್ ಆದೀತಾ ಎಂದು ಡಾಕ್ಟರನ್ನೇ ಕೇಳಿ.

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಾಗಂತೂ ‘ರಕ್ತ ತೆಳು ಮಾಡುವ ಮಾತ್ರೆ ತಗೊಳ್ತೀನಿ’ ಎಂದು ಹೇಳಿ ಸುಮ್ಮನಾಗಬೇಡಿ. ಆಸ್ಪಿರಿನ್ ಪ್ರಭಾವ ಇಳಿಯಲು ವಾರ ಬೇಕು, ವಾರ್ಫರಿನ್‌ಗೆ ಐದು ದಿನದ ಹತ್ತಿರ, ಅಪಿಕ್ಸಬಾನ್‌ಗೆ ಒಂದೆರಡು ದಿನ ಸಾಕು. ಒಂದು ಹಲ್ಲು ಕೀಳಲು ಎಷ್ಟೋ ಸಲ ಯಾವುದನ್ನೂ ನಿಲ್ಲಿಸಬೇಕಾಗಿಲ್ಲ. ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋಗಿ ತೋರಿಸಿ.